ಕಪ್ಪೆ ಲೂರ್‌ಗೆ ಯಾವ ಕೋಲು? ಮೀನಿಗಿಂತ ಮೊದಲು ನೀರು ನೋಡಿ

ಗಾಳದ ಸಾಮಾನಿನ ಅಂಗಡಿಗೆ ಹೋಗಿ ರಾಡ್ ಬೇಕು ಎಂದರೆ ಮೊದಲು ಬರುವ ಪ್ರಶ್ನೆ, "ಎಷ್ಟು ಕೇಜಿ ಮೀನಿಗೆ?" ಕಡಲ ಬಂಡೆಯ ಮೇಲೆ ನಿಂತು ಗಾಳ ಬೀಸುವವರಿಗೆ ಅದು ತಕ್ಕ ಪ್ರಶ್ನೆ. ಲೂರ್ ಎಂಬ ಕೃತಕ ಎರೆಯಾದ ರಬ್ಬರ್ ಕಪ್ಪೆಯನ್ನು ಕೆರೆಯ ಅಂತರಗಂಗೆಯ ಮೇಲೆ ಕುಣಿಸಲು ಹೊರಟವರಿಗೆ ಮಾತ್ರ ಅದರಿಂದ ಸರಿಯಾದ ಉತ್ತರ ಸಿಗುವುದಿಲ್ಲ. ಅವರು ಕೇಳಿಕೊಳ್ಳಬೇಕಾದ್ದು ಎರಡು ಸಂಗತಿ: ಕಚ್ಚಿದ ಮೀನು ಎಲ್ಲಿಗೆ ನುಗ್ಗುತ್ತದೆ? ಅಲ್ಲಿಂದ ಅದನ್ನು ಎಳೆದು ತರುವ ತಾಕತ್ತು ಕೋಲಿಗಿದೆಯೇ?

ಒಂದು ಕೇಜಿಯ ಮೀನು ಕಪ್ಪೆಯನ್ನು ನುಂಗಿ ಸೊಪ್ಪಿನ ಅಡಿಗೆ ತಲೆ ತೂರಿಸಿತು ಎನ್ನಿ. ದಾರಕ್ಕೆ ಬೇರು, ಬಳ್ಳಿ, ಪಾಚಿ ಎಲ್ಲ ಸುತ್ತಿಕೊಂಡು ದಡಕ್ಕೆ ಬರುವಾಗ ಮೀನಿಗಿಂತ ಸೊಪ್ಪಿನ ಭಾರವೇ ಹೆಚ್ಚು. ಅದೇ ಮೀನು ತೆರೆದ ನೀರಿನಲ್ಲಿ ಕಚ್ಚಿದ್ದರೆ ಸಾಧಾರಣ ಕೋಲೂ ಸಾಕಿತ್ತು. ಅಂದರೆ ಕೋಲನ್ನು ನಿರ್ಧರಿಸುವುದು ಮೀನಿನ ತೂಕವಲ್ಲ, ಅದು ಬದುಕುವ ನೀರು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಸಿಹಿನೀರಿನ ಕೆರೆ, ಸವಳು ನೀರಿನ ಗಜನಿ, ಕಾಂಡ್ಲಾ ಬೆಳೆದ ಅಳಿವೆ ಎಲ್ಲವೂ ಹತ್ತಿರ ಹತ್ತಿರವೇ ಇವೆ. ಹಾಗಾಗಿ ಇಲ್ಲಿನ ಹವ್ಯಾಸಿಗಳು ಈ ಲೆಕ್ಕವನ್ನು ಹಾಕಿಕೊಂಡೇ ದುಡ್ಡು ಬಿಚ್ಚುವುದು ಒಳ್ಳೆಯದು.

ನಮ್ಮಲ್ಲಿ ಬಾಸ್ ಇಲ್ಲ, ಕುಚ್ಚು ಇದೆ

ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ ಹೆಸರಾದದ್ದು ಅಮೆರಿಕದ ಲಾರ್ಜ್‌ಮೌತ್ ಬಾಸ್ ಮೀನಿನ ಬೇಟೆಯಲ್ಲಿ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಆ ಮೀನಿಗಾಗಿಯೇ ಬರೆದವು. ನಮ್ಮ ಕೆರೆ, ಹಳ್ಳಗಳಲ್ಲಿ ಬಾಸ್ ಇಲ್ಲ. ಅದರ ಜಾಗದಲ್ಲಿ, ಅದಕ್ಕಿಂತಲೂ ಹಟಮಾರಿಯಾದ ಮುರೆಲ್ ಜಾತಿಯ ಮೀನುಗಳಿವೆ. ಕುಚ್ಚು, ಕೊರವ, ಮುರ್ಲು ಎಂದು ಊರಿಂದ ಊರಿಗೆ ಹೆಸರು ಬೇರೆ. ಇಲ್ಲಿ ಕುಚ್ಚು ಎಂದೇ ಕರೆಯೋಣ. ಇದೇ ಕುಲದ ಹೂವಿನ ಮುರ್ಲು ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು.

ಕುಚ್ಚಿಗೆ ಕಿವಿರಿನ ಜೊತೆಗೆ ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವೂ ಇದೆ. ಆಗಾಗ ಮೇಲೆ ಬಂದು ಗುಟುಕು ಗಾಳಿ ಎಳೆದುಕೊಂಡು ಹೋಗುತ್ತದೆ. ಆದ್ದರಿಂದಲೇ ಆಮ್ಲಜನಕ ಕಡಿಮೆಯಿರುವ, ಸೊಪ್ಪು ಮುಚ್ಚಿದ, ಕೆಸರು ತುಂಬಿದ ನೀರಿನಲ್ಲೂ ಅದು ಸುಖವಾಗಿರುತ್ತದೆ. ಎಲೆಯ ಮೇಲೆ ಕುಪ್ಪಳಿಸುವ ಕಪ್ಪೆ ಅದರ ಸಹಜ ಆಹಾರ. ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚಿ ಕುಚ್ಚು ಹಿಡಿಯುವ ರೂಢಿ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ರಬ್ಬರ್ ಕಪ್ಪೆ ಬಂದ ಮೇಲೆ ಅದರ ಅಗತ್ಯ ಉಳಿದಿಲ್ಲ. ಕಪ್ಪೆಗಳನ್ನು ಕಾಪಾಡಲು ಕಪ್ಪೆ ಕಾಲಿನ ರಫ್ತನ್ನೇ ಭಾರತ 1987ರಲ್ಲಿ ನಿಲ್ಲಿಸಿತು. ಗದ್ದೆಯ ಹುಳುಗಳನ್ನು ತಿಂದು ರೈತರಿಗೆ ನೆರವಾಗುವ ಈ ಪ್ರಾಣಿಯನ್ನು ಉಳಿಸಿಕೊಂಡೇ ಮೀನು ಹಿಡಿಯಲು ಇಂದು ದಾರಿ ಇದೆ.

ಥಾಯ್ಲೆಂಡ್, ಮಲೇಷ್ಯಾಗಳಲ್ಲೂ ನಮ್ಮ ಕುಚ್ಚೇ ಇದೆ. ಮಲಯ ಭಾಷೆಯಲ್ಲಿ ಅದಕ್ಕೆ ಹರುವಾನ್ ಎಂದು ಹೆಸರು. ಅಲ್ಲಿನವರು ಬಳಸುವುದು 8ರಿಂದ 12 ಗ್ರಾಂ ತೂಗುವ ಸಣ್ಣ ಕಪ್ಪೆ. ಅಮೆರಿಕದ ಕಪ್ಪೆ ಸಾಮಾನ್ಯವಾಗಿ 14ರಿಂದ 18 ಗ್ರಾಂ. ಕೋಲು ಕೊಳ್ಳುವ ಮೊದಲು ನೀವು ಎಸೆಯುವ ಕಪ್ಪೆ ಯಾವುದು ಎಂಬುದು ತೀರ್ಮಾನವಾಗಿರಬೇಕು. ಸಣ್ಣ ಕಪ್ಪೆಗೆ ದೊಡ್ಡ ಕಪ್ಪೆಯ ಕೋಲು ಹಿಡಿದರೆ ಎಸೆತ ಅರ್ಧ ದಾರಿಯಲ್ಲೇ ಬೀಳುತ್ತದೆ.

ಕಪ್ಪೆಯ ಒಳಗೆ ಏನಿದೆ?

ಕಪ್ಪೆ ಲೂರನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಅದರ ಬೆನ್ನು ಒತ್ತಿ ನೋಡಿ. ಎರಡು ದಪ್ಪ ಮುಳ್ಳುಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿ ಕೂತಿರುತ್ತವೆ. ಹೊಟ್ಟೆ ಟೊಳ್ಳಾದ್ದರಿಂದ ಒತ್ತಿದಾಗ ರಬ್ಬರ್ ಕುಗ್ಗಿ, ಮುಳ್ಳಿನ ಮೊನೆ ಹೊರಗೆ ಬರುತ್ತದೆ. ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಸೊಪ್ಪಿನ ಮೇಲೆ ಎಳೆದರೂ ಕಪ್ಪೆ ಸಿಕ್ಕಿಕೊಳ್ಳದಿರುವುದಕ್ಕೆ ಕಾರಣ ಇದು.

ಕೋಲಿನ ಆಯ್ಕೆಯ ಗುಟ್ಟೂ ಇದರಲ್ಲೇ ಇದೆ. ಮೀನು ಬಾಯಿ ಮುಚ್ಚಿ ಹಿಡಿದಿರುವಾಗ ರಬ್ಬರನ್ನು ಕುಗ್ಗಿಸಿ, ಎರಡು ದಪ್ಪ ಮುಳ್ಳುಗಳನ್ನು ಎಲುಬು ತುಂಬಿದ ದವಡೆಗೆ ಒಮ್ಮೆಲೇ ನಾಟಿಸಬೇಕು. ಮೆತ್ತನೆಯ ಕೋಲು ಆ ಹೊಡೆತವನ್ನು ತಾನೇ ಬಾಗಿ ನುಂಗಿಬಿಡುತ್ತದೆ. ಮೀನು ಬಾಯಿ ತೆರೆದಾಗ ಕಪ್ಪೆ ಹಾಗೇ ಹೊರಗೆ ಬರುತ್ತದೆ. ಇನ್ನೊಂದು ಕಡೆ, ತುದಿಯವರೆಗೂ ಬಿರುಸಾಗಿರುವ ಕೋಲಿನಲ್ಲಿ ಹಗುರ ಕಪ್ಪೆಯನ್ನು ದೂರ ಎಸೆಯಲಾಗುವುದಿಲ್ಲ. ನಿಂತಲ್ಲೇ ಎಡಕ್ಕೆ, ಬಲಕ್ಕೆ ತಲೆ ತಿರುಗಿಸುವಂತೆ ಅದನ್ನು ಕುಣಿಸಲೂ ಆಗುವುದಿಲ್ಲ. ಬೇಕಾದ್ದು ತುದಿಯಲ್ಲಿ ತುಸು ಮೆದು, ನಡುವಿನಿಂದ ಕೆಳಗೆ ಗಟ್ಟಿ ಇರುವ ಕೋಲು.

ಕೋಲಿನ ಮೇಲಿನ ಬರಹ ಓದುವುದು

ಹಿಡಿಕೆಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ನಾಲ್ಕು ಸಂಗತಿ ಬರೆದಿರುತ್ತದೆ. ಕೊಳ್ಳುವ ಮೊದಲು ಇವನ್ನು ಓದಲೇಬೇಕು.

ಮೊದಲನೆಯದು ಪವರ್, ಅಂದರೆ ಕೋಲಿನ ಬಲ. ಎಂ ಎಂದರೆ ಮೀಡಿಯಂ, ಎಂಎಚ್ ಎಂದರೆ ಮೀಡಿಯಂ ಹೆವಿ, ಎಚ್ ಎಂದರೆ ಹೆವಿ. ದಟ್ಟ ಸೊಪ್ಪಿನ ನೀರಿಗೆ ಹೆವಿ ಬೇಕು. ಅಲ್ಲಲ್ಲಿ ತೆರಪಿರುವ ನೈದಿಲೆ, ಜೊಂಡಿನ ನೀರಿಗೆ ಮೀಡಿಯಂ ಹೆವಿ ಸಾಕು. ಅದಕ್ಕಿಂತ ಕಡಿಮೆ ಬಲದ ಕೋಲು ಕಪ್ಪೆಯ ಕೆಲಸಕ್ಕಲ್ಲ. ಒಂದು ಕಂಪನಿಯ ಹೆವಿ ಇನ್ನೊಂದರ ಮೀಡಿಯಂ ಹೆವಿಯಷ್ಟೇ ಇರಬಹುದು. ಆದ್ದರಿಂದ ಅಕ್ಷರ ನೋಡಿದ ಮೇಲೆ ಕೈಯಲ್ಲೂ ಪರೀಕ್ಷಿಸಬೇಕು.

ಎರಡನೆಯದು ಆಕ್ಷನ್, ಅಂದರೆ ಕೋಲು ಎಲ್ಲಿಂದ ಬಾಗುತ್ತದೆ ಎಂಬುದು. ಫಾಸ್ಟ್ ಎಂದಿದ್ದರೆ ಮೇಲಿನ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಬಾಗುತ್ತದೆ. ಮಾಡರೇಟ್ ಎಂದಿದ್ದರೆ ನಡುವಿನಿಂದಲೇ ಬಾಗುತ್ತದೆ. ಕಪ್ಪೆಗೆ ಫಾಸ್ಟ್ ಸರಿ. ಎಕ್ಸ್‌ಟ್ರಾ ಫಾಸ್ಟ್ ಕೋಲಿನಲ್ಲಿ ತುದಿಯ ಸ್ವಲ್ಪ ಭಾಗ ಮಾತ್ರ ಬಾಗುವ ಕಾರಣ ಹಗುರ ಕಪ್ಪೆ ಎಸೆಯುವವರಿಗೆ ಅದು ಒಗ್ಗುವುದಿಲ್ಲ.

ಮೂರನೆಯದು ಲೂರ್ ತೂಕ, ಗ್ರಾಂ ಅಥವಾ ಔನ್ಸ್‌ನಲ್ಲಿ. ಒಂದು ಔನ್ಸ್ ಸುಮಾರು 28 ಗ್ರಾಂ. ನಿಮ್ಮ ಕಪ್ಪೆಯ ತೂಕ ಈ ಮಿತಿಯ ನಡುವೆ ಬರಬೇಕು, ಅಂಚಿನಲ್ಲಿ ಅಲ್ಲ. 10 ಗ್ರಾಂ ಕಪ್ಪೆಗೆ 7ರಿಂದ 21 ಗ್ರಾಂ ಎಂದು ಬರೆದ ಕೋಲು ಒಪ್ಪುತ್ತದೆ. 14ರಿಂದ 42 ಎಂದು ಬರೆದದ್ದು ದೊಡ್ಡ ಕಪ್ಪೆಗೆ.

ನಾಲ್ಕನೆಯದು ದಾರದ ಮಿತಿ, ಪೌಂಡ್‌ನಲ್ಲಿ ಅಥವಾ ದಾರದ ದಪ್ಪ ಸೂಚಿಸುವ ಪಿಇ ಸಂಖ್ಯೆಯಲ್ಲಿ. 50 ಪೌಂಡ್ ಎಂದರೆ ಸುಮಾರು 23 ಕೇಜಿಯ ಎಳೆತ. ಅಷ್ಟು ಗಟ್ಟಿ ದಾರ ಬಳಸಬಹುದು ಎಂದು ಬರೆದ ಮಾತ್ರಕ್ಕೆ ಅಷ್ಟು ತೂಕವನ್ನು ಕೋಲಿನಿಂದ ಎತ್ತಬಹುದು ಎಂದು ಅರ್ಥವಲ್ಲ. ಎಷ್ಟೋ ಕೋಲುಗಳು ಮುರಿಯುವುದು ಈ ತಪ್ಪು ತಿಳಿವಳಿಕೆಯಿಂದಲೇ.

ಉದ್ದ, ಹಿಡಿಕೆ, ವಸ್ತು

ಏಳು ಅಡಿ, ಅಂದರೆ ಸುಮಾರು 213 ಸೆಂಟಿಮೀಟರ್, ಕಪ್ಪೆ ಕೋಲಿಗೆ ಹದವಾದ ಉದ್ದ. ಕೋಲು ಉದ್ದವಾದಷ್ಟೂ ಎಸೆತ ದೂರ ಹೋಗುತ್ತದೆ. ಹೊಡೆತ ಬಿದ್ದಾಗ ಸಡಿಲ ದಾರವನ್ನು ಒಂದೇ ಬೀಸಿಗೆ ಎಳೆದುಕೊಳ್ಳಲೂ ಅನುಕೂಲ. ಆದರೆ ತೋಟದ ನಡುವಿನ ಕೆರೆಯಲ್ಲಿ ತಲೆಯ ಮೇಲೆ ಅಡಿಕೆ ಹೆಡೆ, ಬಿದಿರ ಗಳ ಚಾಚಿಕೊಂಡಿದ್ದರೆ ಆರೂವರೆ ಅಡಿಯದೇ ವಾಸಿ.

ಹಿಡಿಕೆಯ ಹಿಂಬದಿಯನ್ನು ಬಹಳ ಜನ ಗಮನಿಸುವುದಿಲ್ಲ. ರೀಲ್ ಕೂರುವ ಜಾಗದಿಂದ ಕೋಲಿನ ಬುಡದವರೆಗೆ ಸುಮಾರು 25 ಸೆಂಟಿಮೀಟರ್ ಇದ್ದರೆ ಬುಡವನ್ನು ಮುಂದೋಳಿಗೋ ಪಕ್ಕೆಗೋ ಒತ್ತಿಹಿಡಿದು ಎರಡೂ ಕೈಯ ಬಲ ಹಾಕಬಹುದು. ಗಿಡ್ಡ ಹಿಡಿಕೆಯಾದರೆ ಮಣಿಕಟ್ಟಿನ ಮೇಲೆಯೇ ಎಲ್ಲ ಭಾರ.

ಕಾರ್ಬನ್ ಕೋಲು ಹಗುರ. ನೀರಿನಲ್ಲಿ ಆಗುವ ಸಣ್ಣ ಅದುರನ್ನೂ ಅದು ಕೈಗೆ ತಿಳಿಸುತ್ತದೆ. ಗ್ಲಾಸ್ ಫೈಬರ್ ಭಾರ, ಆದರೆ ಪೆಟ್ಟು ತಡೆಯುತ್ತದೆ. ಕಾರ್ಬನ್ನಿನ ಬಿರುಸು ಹೇಳುವ ಟನ್ ಸಂಖ್ಯೆ ಹೆಚ್ಚಿದ್ದಷ್ಟೂ ಕೋಲು ಒಳ್ಳೆಯದು ಎಂಬ ಮಾತು ಕಪ್ಪೆಗೆ ಹೊಂದುವುದಿಲ್ಲ. ಬಿರುಸಾದ ಕಾರ್ಬನ್ ಹಗುರವಾದರೂ ಕಲ್ಲಿಗೆ, ದೋಣಿಯ ಅಂಚಿಗೆ ತಗುಲಿದರೆ ಬೇಗ ಸೀಳುತ್ತದೆ. 24ರಿಂದ 30 ಟನ್ ಎಂದು ಬರೆದದ್ದು ಧಾರಾಳ ಸಾಕು. ಬಸ್ಸಿನಲ್ಲಿ, ಬೈಕಿನಲ್ಲಿ ಓಡಾಡುವವರು ಎರಡು ತುಂಡಿನ ಕೋಲು ಕೊಳ್ಳಲಿ. ಏಳು ಅಡಿಯದು ಮೂರೂವರೆ ಅಡಿಗೆ ಇಳಿಯುತ್ತದೆ. ಒಂದರೊಳಗೊಂದು ಸರಿಯುವ ಟೆಲಿಸ್ಕೋಪಿಕ್ ಕೋಲು ಕಪ್ಪೆಯ ಹೊಡೆತಕ್ಕೆ ತಕ್ಕದ್ದಲ್ಲ.

ರೀಲ್ ಮತ್ತು ದಾರ

ಕೋಲು ಎಷ್ಟು ಒಳ್ಳೆಯದಾದರೂ ಹಿಗ್ಗುವ ದಾರ ಹಾಕಿದರೆ ಪ್ರಯೋಜನವಿಲ್ಲ. ನೈಲಾನಿನ ತಂಗೂಸಿ ದಾರ ಎಳೆದಾಗ ಹಿಗ್ಗುತ್ತದೆ, ಹೊಡೆತದ ಬಲ ದಾರಿಯಲ್ಲೇ ಕಳೆದುಹೋಗುತ್ತದೆ. ಕಪ್ಪೆಗೆ ಹೆಣೆದ ಬ್ರೇಡ್ ದಾರವೇ ಬೇಕು. ಅದು ಹಿಗ್ಗುವುದಿಲ್ಲ, ನೀರಿನ ಮೇಲೆ ತೇಲುತ್ತದೆ, ಸೊಪ್ಪಿನ ಎಳೆಗಳನ್ನು ಕತ್ತರಿಸಿಕೊಂಡು ಬರುತ್ತದೆ. ದಟ್ಟ ಅಂತರಗಂಗೆಗೆ 50ರಿಂದ 65 ಪೌಂಡ್, ತೆಳುವಾದ ಸೊಪ್ಪಿಗೆ 30ರಿಂದ 40 ಪೌಂಡ್.

14 ಗ್ರಾಂಗೆ ಮೀರಿದ ಕಪ್ಪೆಗೆ ಬೇಟ್‌ಕಾಸ್ಟಿಂಗ್ ರೀಲ್ ಒಳ್ಳೆಯದು. ಒಂದು ಸುತ್ತಿಗೆ ಹೆಚ್ಚು ದಾರ ಎಳೆಯುವ, 7:1 ಅಥವಾ ಅದಕ್ಕೂ ಹೆಚ್ಚಿನ ಗೇರ್ ಇರುವುದನ್ನು ಆರಿಸಿ. ಸಣ್ಣ ಕಪ್ಪೆಗೆ, ಹೊಸಬರಿಗೆ 3000 ಅಥವಾ 4000 ಅಳತೆಯ ಸ್ಪಿನ್ನಿಂಗ್ ರೀಲ್ ಸುಲಭ. ಎರಡಕ್ಕೂ ಕೋಲು ಬೇರೆ. ಬೇಟ್‌ಕಾಸ್ಟಿಂಗ್ ಕೋಲಿನ ಉಂಗುರಗಳು ಮೇಲ್ಮುಖ, ಹಿಡಿಕೆಗೆ ಬೆರಳು ಸಿಕ್ಕಿಸುವ ಕೊಕ್ಕೆ ಇರುತ್ತದೆ. ಸ್ಪಿನ್ನಿಂಗ್ ಕೋಲಿನ ಉಂಗುರಗಳು ಕೆಳಮುಖ, ಮೊದಲನೆಯದು ದೊಡ್ಡದು. ರೀಲ್ ಮನೆಯಲ್ಲಿದ್ದರೆ ಅದನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಮೂರು ತಾಲೂಕು, ಮೂರು ಬಗೆಯ ನೀರು

ಭಟ್ಕಳದ ಕಡೆ ಘಟ್ಟ ಕಡಲಿಗೆ ಹತ್ತಿರ. ವೆಂಕಟಾಪುರ ಹೊಳೆ, ಶರಾಬಿ ಹೊಳೆಯಂಥ ಸಣ್ಣ ಹೊಳೆಗಳು, ಗದ್ದೆಯಂಚಿನ ಕಾಲುವೆ, ತೋಟದ ಕೆರೆಗಳೇ ಇಲ್ಲಿ ಹೆಚ್ಚು. ಎಸೆತ ದೂರ ಬೇಕಿಲ್ಲ, ಗುರಿ ಸರಿಯಿರಬೇಕು. ಆರೂವರೆಯಿಂದ ಏಳು ಅಡಿಯ ಮೀಡಿಯಂ ಹೆವಿ, ಫಾಸ್ಟ್ ಸ್ಪಿನ್ನಿಂಗ್ ಕೋಲು, 8ರಿಂದ 12 ಗ್ರಾಂ ಕಪ್ಪೆ, 30ರಿಂದ 40 ಪೌಂಡ್ ಬ್ರೇಡ್ ಇದ್ದರೆ ಸಾಕು. ಕಡವಿನಕಟ್ಟೆಯಂಥ ಕುಡಿಯುವ ನೀರಿನ ಜಾಗಗಳನ್ನೂ ದೇವಸ್ಥಾನದ ಕೆರೆಗಳನ್ನೂ ಬಿಟ್ಟುಬಿಡಿ.

ಹೊನ್ನಾವರದಲ್ಲಿ ಶರಾವತಿ ಅಗಲವಾಗಿ ಹರಿಯುತ್ತದೆ. ಗೇರುಸೊಪ್ಪೆಯಿಂದ ಕೆಳಗೆ, ಮಾವಿನಕುರ್ವೆಯಂಥ ಕುರ್ವೆಗಳ ಸುತ್ತ, ಸೊಪ್ಪು ತುಂಬಿದ ಒಳಮೂಲೆಗಳಿಗೆ ದಡದಿಂದಲೇ ಎಸೆಯಬೇಕಾದರೆ ಏಳು ಅಡಿ ಅಥವಾ ಅದಕ್ಕಿಂತ ಎರಡು ಮೂರು ಇಂಚು ಉದ್ದದ ಹೆವಿ ಕೋಲು ಬೇಕು. ಗೇರುಸೊಪ್ಪೆ ಅಣೆಕಟ್ಟಿನ ಕೆಳಗೆ ನೀರಿನ ಮಟ್ಟ ವಿದ್ಯುತ್ ಉತ್ಪಾದನೆಗೆ ತಕ್ಕಂತೆ ಏರಿಳಿಯುತ್ತದೆ. ಬೆಳಿಗ್ಗೆ ನಿಂತ ಬಂಡೆ ಮಧ್ಯಾಹ್ನ ಮುಳುಗಬಹುದು ಎಂಬ ಎಚ್ಚರ ಇರಲಿ.

ಅಳಿವೆಗೆ ಇಳಿದಂತೆ ಸೊಪ್ಪು ಮುಗಿದು ಕಾಂಡ್ಲಾ ಬೇರು ಶುರುವಾಗುತ್ತದೆ. ಇಲ್ಲಿ ಕುಚ್ಚಿನ ಬದಲು ಏಷ್ಯನ್ ಸೀಬಾಸ್ ಇದೆ. ಕಾರವಾರದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಪಂಜರದಲ್ಲಿ ಸಾಕಿ ತೋರಿಸಿದ್ದು ಇದೇ ಮೀನನ್ನು. ಬೇರಿನ ಮರೆಯಲ್ಲಿ ಹೊಂಚಿ ಕೂತು, ಮೇಲೆ ಹಾಯುವ ಮೀನನ್ನು ಅದು ಬಾಯಿಗೆ ಎಳೆದುಕೊಳ್ಳುತ್ತದೆ. ಸೊಪ್ಪಿಲ್ಲದ ಈ ನೀರಿಗೆ ಕಪ್ಪೆಗಿಂತ ಪಾಪರ್, ಸ್ಟಿಕ್‌ಬೇಟ್‌ನಂಥ ಮೇಲ್ನೀರಿನ ಲೂರ್ ಚೆನ್ನ. ಕೋಲು ಮೀಡಿಯಂ ಹೆವಿ ಆಗಿರಲಿ. ತೀರಾ ಬಿರುಸಾದ ಕೋಲಾದರೆ ಸೀಬಾಸ್ ಹಾರಿ ತಲೆ ಕೊಡವಿದಾಗ ಸಣ್ಣ ಮುಳ್ಳು ಕಿತ್ತುಬರುತ್ತದೆ.

ಕುಮಟಾದಲ್ಲಿ ಅಘನಾಶಿನಿ. ಅಣೆಕಟ್ಟು ಕಾಣದ ಹೊಳೆ. ಇದರ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಬಳಚು ಹೆಕ್ಕುವ ಹೆಂಗಸರಿಂದ ಹಿಡಿದು ಗಾಳ ಹಾಕುವವರವರೆಗೆ ಸಾವಿರಾರು ಜನ ಇದನ್ನು ನಂಬಿದ್ದಾರೆ. ಮಾಣಿಕಟ್ಟಾದಂಥ ಊರುಗಳ ಗಜನಿಯಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ, ಉಳಿದಂತೆ ಮೀನು, ಸಿಗಡಿ. ಉಬ್ಬರದ ನೀರು ಬಂದುಹೋಗುವ ತೂಬಿನ ಬಾಯಲ್ಲಿ ದೊಡ್ಡ ಮೀನು ಕಾದಿರುತ್ತದೆ. ಅಲ್ಲಿನ ಕಲ್ಲಿಗೆ, ಬೇರಿಗೆ ಅಂಟಿದ ಚಿಪ್ಪಿನ ಅಲಗು ಬ್ರೇಡನ್ನು ಕ್ಷಣದಲ್ಲಿ ಕತ್ತರಿಸುತ್ತದೆ. ದಾರದ ತುದಿಗೆ ಒಂದು ಮಾರಿನಷ್ಟು ಸವೆತ ತಡೆಯುವ 40 ಪೌಂಡಿನ ದಪ್ಪ ಲೀಡರ್ ದಾರ ಕಟ್ಟಿ. ಅಷ್ಟು ಉದ್ದದ ಲೀಡರಿನ ಗಂಟು ಎಸೆಯುವಾಗ ಕೋಲಿನ ಉಂಗುರಗಳೊಳಗೆ ಹಾಯಬೇಕು. ಹಾಗಾಗಿ ಉಂಗುರಗಳು ತೀರಾ ಸಣ್ಣವಿರುವ ಕೋಲು ಬೇಡ. ಗಜನಿಗೆ ಒಡೆಯರಿದ್ದಾರೆ, ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಕಟ್ಟೆಗೆ ಕಾಲಿಡುವ ಮೊದಲು ಕೇಳಿ. ಪಂಚಾಯತ್ ಕೆರೆಗಳಿಗೂ ಇದೇ ಮಾತು.

ಅಂಗಡಿಯಲ್ಲಿ ಐದು ನಿಮಿಷ

ಕೋಲನ್ನು ಗಾಳಿಯಲ್ಲಿ ಅಲ್ಲಾಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ನಿಮ್ಮ ರೀಲ್, ದಾರ, ಕಪ್ಪೆ ತೆಗೆದುಕೊಂಡು ಹೋಗಿ ಹೀಗೆ ಮಾಡಿ.

ಎರಡು ತುಂಡು ಜೋಡಿಸಿ, ಉಂಗುರಗಳು ಒಂದೇ ಗೆರೆಯಲ್ಲಿವೆಯೇ, ಜೋಡಣೆ ಅಲುಗುತ್ತದೆಯೇ ನೋಡಿ. ಪ್ರತಿ ಉಂಗುರದೊಳಗೆ ಹತ್ತಿಯ ಎಳೆಯನ್ನು ಹಾಯಿಸಿ ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಬ್ರೇಡ್ ಅಲ್ಲೇ ಹರಿಯುತ್ತದೆ.

ರೀಲ್ ಕೂರಿಸಿ, ದಾರ ಪೋಣಿಸಿ, ತುದಿಯಿಂದ ಒಂದಡಿ ಕೆಳಗೆ ಕಪ್ಪೆ ಕಟ್ಟಿ ಮೆಲ್ಲಗೆ ತೂಗಿ. ತುದಿಯ ಭಾಗ ಮಾತ್ರ ತಲೆದೂಗಬೇಕು. ತುದಿ ಮಿಸುಕದಿದ್ದರೆ ಕೋಲು ನಿಮ್ಮ ಕಪ್ಪೆಗೆ ಬಿರುಸು, ನಡುವಿನವರೆಗೂ ಬಾಗಿದರೆ ಮೆತ್ತಗೆ.

ಬಳಿಕ ಕಪ್ಪೆ ಬಿಚ್ಚಿ, ಒಂದು ಲೀಟರ್ ನೀರಿನ ಬಾಟಲಿ ಕಟ್ಟಿ ನೆಲದಿಂದ ನಿಧಾನವಾಗಿ ಎತ್ತಿ. ಅಂಗಡಿಯವರನ್ನು ಕೇಳಿಯೇ ಮಾಡಿ. ಕೋಲು ನೆಲಕ್ಕೆ 45 ಡಿಗ್ರಿಗಿಂತ ಮೇಲೆ ಹೋಗದಿರಲಿ. ಮೇಲಿನ ಮೂರನೇ ಒಂದು ಭಾಗ ಬಾಗಿ, ಕೆಳಗಿನ ಅರ್ಧ ನೆಟ್ಟಗೆ ನಿಂತರೆ ಅದು ಸೊಪ್ಪಿನಿಂದ ಮೀನು ಎತ್ತುವ ಕೋಲು. ಬಾಗು ಹಿಡಿಕೆಯವರೆಗೂ ಇಳಿದು ಬಂದರೆ ಅದನ್ನು ವಾಪಸು ಇಡಿ. ತುದಿಯನ್ನು ಕೈಯಲ್ಲಿ ಹಿಡಿದು ಬಗ್ಗಿಸುವುದಂತೂ ಬೇಡವೇ ಬೇಡ. ಗಟ್ಟಿಮುಟ್ಟಾದ ಕೋಲೂ ಹಾಗೆ ಮುರಿಯುತ್ತದೆ.

ಹೊಡೆತ ಬಿದ್ದಾಗ

ಸೊಪ್ಪಿನ ನಡುವೆ ನೀರು ಭಳ್ಳೆಂದು ಸಿಡಿಯುತ್ತದೆ, ಕಪ್ಪೆ ಮಾಯವಾಗುತ್ತದೆ. ಆ ಕ್ಷಣ ಕೋಲು ಜಗ್ಗಿದರೆ ಹತ್ತಕ್ಕೆ ಏಳೆಂಟು ಸಲ ಕಪ್ಪೆ ಬರಿದೇ ಹಾರಿ ಬರುತ್ತದೆ, ಏಕೆಂದರೆ ಮೀನು ಅದನ್ನಿನ್ನೂ ಬಾಯೊಳಗೆ ತಿರುಗಿಸಿಕೊಂಡಿರುವುದಿಲ್ಲ. ಕೋಲಿನ ತುದಿಯನ್ನು ನೀರಿನತ್ತ ಇಳಿಸಿ, ಒಂದು ಎರಡು ಎಣಿಸಿ, ರೀಲ್ ತಿರುಗಿಸಿ ಸಡಿಲ ದಾರ ಎಳೆದುಕೊಳ್ಳಿ. ದಾರದಲ್ಲಿ ಭಾರ ಕಂಡ ಮೇಲೆ ಬುಡವನ್ನು ಪಕ್ಕೆಗೆ ಒತ್ತಿ, ಎರಡೂ ಕೈಯಿಂದ ಮೇಲಕ್ಕೆ ಹೊಡೆಯಿರಿ. ಹೊಡೆದ ಮೇಲೆ ನಿಲ್ಲಿಸದೆ ಸುತ್ತುತ್ತಲೇ ಇರಿ. ಮೀನಿನ ತಲೆ ಮೇಲಕ್ಕೆ ಬಂದರೆ ಅದು ಸೊಪ್ಪಿನ ಮೇಲೆ ಜಾರಿಕೊಂಡು ಬರುತ್ತದೆ, ತಲೆ ಕೆಳಕ್ಕೆ ಹೋದರೆ ಬೇರಿಗೆ ಸುತ್ತಿಕೊಳ್ಳುತ್ತದೆ. ದಡ ತಲುಪಿದ ಮೀನನ್ನು ಕೋಲಿನಿಂದ ಎತ್ತಬೇಡಿ. ಕೋಲು ನೆಟ್ಟಗೆ ನಿಂತಾಗ ಪೂರಾ ಭಾರ ತುದಿಯ ಮೇಲೆ ಬೀಳುತ್ತದೆ. ಬಲೆಚೀಲದಲ್ಲಿ ಎತ್ತಿ, ಇಕ್ಕಳದಿಂದ ಮುಳ್ಳು ಬಿಡಿಸಿ. ಕುಚ್ಚಿನ ಹಲ್ಲು ಚೂಪು.

ಉಪ್ಪು, ಸಿಡಿಲು, ಇಲಿಜ್ವರ

ಅಳಿವೆಯಿಂದ ಬಂದ ದಿನವೇ ಕೋಲು, ರೀಲ್ ಎರಡನ್ನೂ ಸಿಹಿನೀರಿನಲ್ಲಿ ತೊಳೆದು ಒರೆಸಿಡಿ. ಉಪ್ಪು ಮೊದಲು ತಿನ್ನುವುದು ಉಂಗುರದ ಕಾಲುಗಳನ್ನು ಮತ್ತು ರೀಲ್ ಕೂರುವ ತಿರುಪನ್ನು. ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತದೆ. ತಂತಿಯ ಕೆಳಗೆ ಎಸೆಯಬೇಡಿ. ಮುಂಗಾರಿಗೆ ಮೊದಲು, ಹಿಂಗಾರಿನ ಸಂಜೆಗಳಲ್ಲಿ ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ಮನೆ ಸೇರಿ. ಕರಾವಳಿಯ ಗದ್ದೆ, ಕೆಸರಿನಲ್ಲಿ ಇಲಿಜ್ವರದ ಭಯವಿದೆ. ಕಾಲಿನಲ್ಲಿ ಗಾಯವಿದ್ದರೆ ನೀರಿಗಿಳಿಯಬೇಡಿ. ಗಜನಿಯ ಕೆಸರು ಮೊಣಕಾಲಿನವರೆಗೂ ಹೂತುಕೊಳ್ಳುತ್ತದೆ. ಒಬ್ಬರೇ ಹೋಗಬೇಡಿ.

ಕೆಂಪು ಮರಿಗಳ ಗುಂಪು ಕಂಡರೆ

ಮಳೆಗಾಲದಲ್ಲಿ ಕುಚ್ಚು ಮರಿ ಮಾಡುತ್ತದೆ. ನೀರಿನ ಮೇಲೆ ಕೆಂಬಣ್ಣದ ಪುಟ್ಟ ಮರಿಗಳು ಒಂದೇ ಗುಂಪಾಗಿ ಗುಳುಗುಳು ಎನ್ನುತ್ತಿದ್ದರೆ ಅವುಗಳ ಕೆಳಗೆ ತಾಯಿ ತಂದೆ ಎರಡೂ ಕಾವಲಿರುತ್ತವೆ. ಆ ಗುಂಪಿನ ಮೇಲೆ ಕಪ್ಪೆ ಎಸೆದರೆ ಹಸಿವಿಲ್ಲದಿದ್ದರೂ ಅವು ಮೇಲೆ ಬೀಳುತ್ತವೆ, ಮರಿಗಳ ರಕ್ಷಣೆಗಾಗಿ. ಕುಚ್ಚು ಹಿಡಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ, ಇದಕ್ಕಿಂತ ಕೆಟ್ಟ ದಾರಿಯೂ ಇಲ್ಲ. ಕಾವಲು ಹೋದ ಮರಿಗಳು ಉಳಿದ ಮೀನಿಗೂ ಹಕ್ಕಿಗೂ ತುತ್ತಾಗುತ್ತವೆ. ಗುಂಪು ಕಂಡಲ್ಲಿಂದ ದೂರ ಹೋಗಿ. ಮೊದಲ ಮಳೆಗೆ ಗದ್ದೆ ಹತ್ತುವ ಹತ್ತುಮೀನಿಗೂ ಇದೇ ದಯೆ ಸಲ್ಲಬೇಕು, ಅವು ಹೊರಟಿರುವುದು ಮೊಟ್ಟೆಯಿಡಲು.

ಗಟ್ಟಿ ಕೋಲು ಕೊಳ್ಳಬೇಕು ಎಂದು ಇಷ್ಟು ಒತ್ತಿ ಹೇಳುವುದಕ್ಕೂ ಮೀನಿನ ಹಿತವೇ ಕಾರಣ. ಮೆತ್ತನೆಯ ಕೋಲು, ತೆಳ್ಳನೆಯ ದಾರ ಹಿಡಿದು ಸೊಪ್ಪಿಗೆ ಎಸೆದರೆ ದಾರ ಹರಿಯುತ್ತದೆ. ಮೀನು ಬಾಯಲ್ಲಿ ಎರಡು ಮುಳ್ಳು, ಹಿಂದೆ ಮಾರುದ್ದ ಬ್ರೇಡ್ ಎಳೆದುಕೊಂಡು ಬೇರಿಗೆ ಸಿಕ್ಕಿ ಸಾಯುತ್ತದೆ. ಆ ದಾರ ಕೊಳೆಯುವುದಿಲ್ಲ, ಮುಂದೆ ನೀರುಕಾಗೆಯ ಕಾಲಿಗೋ ಆಮೆಯ ಕೊರಳಿಗೋ ಸುತ್ತಿಕೊಳ್ಳುತ್ತದೆ. ಬಲವಾದ ಕೋಲಿನಲ್ಲಿ ಸೆಣಸಾಟ ಬೇಗ ಮುಗಿಯುತ್ತದೆ. ಬೇಕಾದ ಮೀನು ಮನೆಗೆ ಬರುತ್ತದೆ, ಬೇಡದ್ದು ಗಾಯವಿಲ್ಲದೆ ನೀರಿಗೆ ಮರಳುತ್ತದೆ.

ಕೈಯಲ್ಲಿರುವ ದುಡ್ಡು ಸೀಮಿತವಾದರೆ ಖರ್ಚಿನ ಕ್ರಮ ಹೀಗಿರಲಿ: ಮೊದಲು ಕೋಲು, ಆಮೇಲೆ ಬ್ರೇಡ್, ಮೂರನೆಯದಾಗಿ ರೀಲ್, ಕೊನೆಗೆ ಎರಡೇ ಎರಡು ಕಪ್ಪೆ, ಒಂದು ಕಪ್ಪು, ಒಂದು ಹಸಿರು. ಮೂರು ತಾಲೂಕಿನಲ್ಲೂ ತಿರುಗಾಡುವವರು ಒಂದೇ ಕೋಲು ಕೊಳ್ಳುವುದಾದರೆ ಏಳು ಅಡಿಯ, ಎರಡು ತುಂಡಿನ, ಮೀಡಿಯಂ ಹೆವಿ ಬಲದ, ಫಾಸ್ಟ್ ಬಾಗಿನ, 7ರಿಂದ 28 ಗ್ರಾಂ ಲೂರ್ ಎಸೆಯಬಲ್ಲ ಕೋಲು ಆರಿಸಿ. ಭಟ್ಕಳದ ಕಾಲುವೆಗೂ ಅಘನಾಶಿನಿಯ ತೂಬಿಗೂ ಅದು ಸಲ್ಲುತ್ತದೆ. ಅಂತರಗಂಗೆ ಪೂರಾ ಮುಚ್ಚಿದ ಕೆರೆಯನ್ನೂ ಶರಾವತಿಯ ಸೊಪ್ಪು ತುಂಬಿದ ಒಳಮೂಲೆಗಳನ್ನೂ ಮಾತ್ರ ಹೆವಿ ಕೋಲು ಕೈಗೆ ಬರುವವರೆಗೆ ಬಿಟ್ಟುಬಿಡಿ.